ಮೈಕ್ರೋಸ್ಕೋಪಿನ ವಿಭೂತಿ

ನನ್ನ ಕಣ್ಣುಗಳಿಗೆ ಹುಟ್ಟಿದಾಗಿನಿಂದ ಹೊಂದಾಣಿಕೆಯಿಲ್ಲ. ಎಡಗಣ್ಣಿಗೆ ಮೈನಸ್ ಒಂದು, ಬಲಗಣ್ಣಿಗೆ ಮೈನಸ್ ನಾಲ್ಕು. ಶಿವಮೊಗ್ಗದ ಕನ್ನಡಕದ ಅಂಗಡಿಯವರು ಪ್ರತಿ ಸಲವೂ ನಗುತ್ತಾರೆ. ಭದ್ರಾವತಿಯ ನಮ್ಮ ರಕ್ತಪರೀಕ್ಷೆ ಲ್ಯಾಬಿನಲ್ಲಿ ಒಂಟಿ ಕೊಳವೆಯ ಹಳೇ ಮೈಕ್ರೋಸ್ಕೋಪ್ ಇರುವವರೆಗೆ ಇದು ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಆರಾಮಾಗಿದ್ದೆ.

ಆಯುಧಪೂಜೆಯ ಹೊತ್ತಿಗೆ ಎರಡು ಕೊಳವೆಯ ಹೊಸದು ಬಂತು. ಹಿರಿಯ ಟೆಕ್ನಿಷಿಯನ್ ಅಕ್ಕ ವಿಭೂತಿ ಕಲಸಿ ಎರಡೂ ಕೊಳವೆಗೆ ಮೂರ್ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿದರು. "ಗಾಜಿಗೆ ಬೇಡ ಕಣ್ರೀ!" ಎಂದು ಡಾಕ್ಟರ್ ಕೂಗುತ್ತಲೇ ಇದ್ದರು.

ಹಬ್ಬ ಮುಗಿಸಿ ಕೂತರೆ ನನಗೆ ಎರಡೆರಡು ವೃತ್ತ. ಕನ್ನಡಕ ಹಾಕಿದರೆ ಗಾಜಿಗೆ ಗಾಜು ತಾಗುತ್ತಿತ್ತು. ತೆಗೆದರೆ ಒಂದು ಕಣ್ಣಿಗೆ ಸ್ಪಷ್ಟ, ಇನ್ನೊಂದಕ್ಕೆ ರಾಗಿ ಅಂಬಲಿ. ಎಡಗಣ್ಣು ಮುಚ್ಚಿ ಕೆಲಸ ಸಾಗಿಸುತ್ತಿದ್ದುದನ್ನು ಡಾಕ್ಟರ್ ನೋಡಿಬಿಟ್ಟರು.

"ದಿನವಿಡೀ ಹೀಗೆ ನೋಡಿದ್ರೆ ತಲೆನೋವು ಗ್ಯಾರಂಟಿ. ಎರಡೂ ಕಣ್ಣಲ್ಲಿ ನೋಡೋಕೆ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ಕೌಂಟರ್‌ನಲ್ಲಿ ಕೂತ್ಕೊಳ್ಳಿ."

ಕೌಂಟರ್! ರಸೀದಿ ಹರಿದುಕೊಡುವುದಕ್ಕೆ ಮಲವಗೊಪ್ಪದಿಂದ ಬಸ್ಸಲ್ಲಿ ನೇತಾಡಿಕೊಂಡು ಬರಬೇಕೇ? ರಕ್ತದ ಕಣಗಳನ್ನು ನೋಡುವುದೆಂದರೆ ನನಗೆ ಪ್ರಾಣ. ಸಿಟ್ಟೂ ಬಂತು, ಅಳುವೂ ಬಂತು.

ಶನಿವಾರ ಅಕ್ಕ ಪಕ್ಕದಲ್ಲಿ ಕೂತರು. "ಮೊದ್ಲು ಕೊಳವೆಗಳನ್ನ ನಿನ್ನ ಕಣ್ಣಿನ ಅಂತರಕ್ಕೆ ತಗೊಂಡು ಬಾ ಮಾರಾಯ್ತಿ." ಹಾಗೇ ಸರಿಸಿದೆ. ವೃತ್ತಗಳು ಒಂದರ ಮೇಲೊಂದು ಕೂತವು. "ಬಲಗಣ್ಣಲ್ಲಿ ಮಾತ್ರ ನೋಡಿ ಸ್ಪಷ್ಟ ಮಾಡ್ಕೋ. ಈಗ ಎಡಗಣ್ಣಿಗೆ ಆ ಬಳೆ ತಿರುಗ್ಸು."

"ಯಾವ ಬಳೆ ಅಕ್ಕ?"

ಇಬ್ಬರೂ ಬಗ್ಗಿ ನೋಡಿದೆವು. ಕಣ್ಣಿನ ಪವರಿಗೆ ಹೊಂದಿಸುವ ಬಳೆ ಎಡಗೊಳವೆಯಲ್ಲಿತ್ತು, ಅಕ್ಕನದೇ ಮೂರು ಪಟ್ಟೆಯ ಕೆಳಗೆ ಅಂಟಿ, ಗಟ್ಟಿಯಾಗಿ. ಹಬ್ಬದ ವಿಭೂತಿ ಒರೆಸುವುದುಂಟೇ ಎಂದು ಯಾರೂ ಮುಟ್ಟಿರಲಿಲ್ಲ. ಉಳಿದವರ ಕಣ್ಣು ನೆಟ್ಟಗಿದ್ದುದರಿಂದ ಬಳೆ ಯಾರಿಗೂ ಬೇಕಾಗಿರಲಿಲ್ಲ.

"ಶಿವ ಶಿವಾ!" ಅಕ್ಕ ನಾಲಿಗೆ ಕಚ್ಚಿಕೊಂಡರು. ಒದ್ದೆ ಬಟ್ಟೆಯಿಂದ ಒರೆಸಿದರು. ಒರೆಸಿದ ವಿಭೂತಿಯನ್ನು ಎಸೆಯಲು ಮನಸ್ಸಾಗದೆ ನನ್ನ ಹಣೆಗೇ ಬಳಿದರು.

ಬಳೆ ತಿರುಗಿತು. "ಕಣ್ಣು ಬಿಗಿ ಹಿಡೀಬೇಡ. ದೂರದ ಗುಡ್ಡ ನೋಡೋ ಹಾಗೆ ನೋಡು." ಎರಡೂ ಕಣ್ಣು ತೆರೆದೆ. ಒಂದೇ ದುಂಡನೆ ಬೆಳಕು, ಅದರ ತುಂಬ ಗುಲಾಬಿ ಕಣಗಳು, ಅಂಚೂ ನಡುವಿನ ತಗ್ಗೂ ಸ್ಪಷ್ಟ. ಖುಷಿ ತಡೆಯಲಾರದೆ ಕಿರುಚಿಬಿಟ್ಟೆ.

ಡಾಕ್ಟರ್ ಓಡಿ ಬಂದರು. "ಏನಾಯ್ತು? ಎಷ್ಟು ವೃತ್ತ ಕಾಣ್ತಿದೆ?"

"ಒಂದೇ, ಸರ್!"

ಅವರು ಮೈಕ್ರೋಸ್ಕೋಪಿನ ಬೋಳು ಕೊಳವೆ ನೋಡಿದರು, ನನ್ನ ಹಣೆ ನೋಡಿದರು. "ಸೋಮವಾರ ಬೇಗ ಬನ್ನಿ," ಅಂದರು. "ಸ್ಲೈಡ್ ಜಾಸ್ತಿ ಇದೆ."