ಚೌಪಾಟಿಯಲ್ಲಿ ಹಾರಿದ ವಿಮಾನ

ಬಡಗಿ ಕಾಕಾನ ಹುಬ್ಬುಗಳ ಮೇಲೆ ಯಾವಾಗಲೂ ಸಾಗವಾನಿಯ ಹೊಟ್ಟು ಕೂತಿರುತ್ತಿತ್ತು. ಹಬ್ಬದ ದಿನ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟರೂ ಹುಬ್ಬು ಮಾತ್ರ ಇನ್ನೂ ಕೆಲಸದ ಮೇಲಿದ್ದಂತೆ ಕಾಣುತ್ತಿತ್ತು. ಎಂಬತ್ತರ ದಶಕದಲ್ಲಿ ನಾನು ರಾಯಬಾಗಕ್ಕೆ ವಿಜ್ಞಾನ ಶಿಕ್ಷಕಿಯಾಗಿ ಬಂದಾಗ, ಬಾಡಿಗೆ ಖೋಲಿಯ ಎದುರಿಗೇ ಅವರ ಕೆಲಸದ ಚಪ್ಪರ. ಕೂರಿಗೆ, ಬಾಗಿಲು, ತೊಟ್ಟಿಲು ಮಾಡುತ್ತಿದ್ದರು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವರು. "ಕಟಗಿ ಸುಳ್ಳ ಹೇಳೂದಿಲ್ರಿ, ಹೇಳಾವರು ನಾವು" ಎನ್ನುವರು. ಊರಲ್ಲಿ ಅವರ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ, ಒಂದು ವಿಷಯ ಬಿಟ್ಟು.

ಅದು ವಿಮಾನದ ವಿಷಯ. ಮನೆಯವರೆಲ್ಲ ಮುತ್ತ್ಯಾ ಎನ್ನುತ್ತಿದ್ದ ಅವರ ಅಜ್ಜ ಹರೆಯದಲ್ಲಿ ಮುಂಬೈಗೆ ದುಡಿಯಲು ಹೋಗಿದ್ದರಂತೆ. ಅಲ್ಲಿ ಒಬ್ಬ ಮರಾಠಿ ಮಾಸ್ತರರು ಕಟ್ಟುತ್ತಿದ್ದ ಯಂತ್ರಕ್ಕೆ ಬಿದಿರು ಸೀಳಿಕೊಟ್ಟರಂತೆ. ಅದು ಚೌಪಾಟಿ ಕಡಲತೀರದ ಮರಳಿನಿಂದ ಮೇಲೆದ್ದುದನ್ನು ಕಣ್ಣಾರೆ ಕಂಡರಂತೆ. ಅದೂ ಅಮೆರಿಕದ ಅಣ್ಣತಮ್ಮಂದಿರು ಹಾರುವುದಕ್ಕಿಂತ ಎಷ್ಟೋ ವರ್ಷ ಮೊದಲು.

ಒಮ್ಮೆ ಶಾಲೆಯ ರಸಪ್ರಶ್ನೆಯಲ್ಲಿ, ಯಂತ್ರಬಲದಿಂದ ಮೊದಲು ವಿಮಾನ ಹಾರಿಸಿದವರು ಯಾರು ಎಂದು ಕೇಳಿದೆ. ಒಂಬತ್ತನೆಯ ತರಗತಿಯಲ್ಲಿದ್ದ ಕಾಕಾನ ಮಗಳು ಎದ್ದು ನಿಂತಳು.

"ಮುಂಬೈ ಮಾಸ್ತರ್ರಿ. ನಮ್ಮ ಮುತ್ತ್ಯಾ ಬಿದಿರ ಸೀಳಿ ಕೊಟ್ಟಿದ್ದ."

ಇಡೀ ಸಭೆ ನಕ್ಕಿತು. ನಾನು "ತಪ್ಪು" ಎಂದೆ. ಬೇರೇನು ಹೇಳಬಹುದಿತ್ತು?

ಮೂರನೆಯ ದಿನ ಕಾಕಾ ನನ್ನ ಹೊಸ್ತಿಲ ಹೊರಗೆ ಬಂದು ನಿಂತರು. ಸಿಟ್ಟಿರಲಿಲ್ಲ.

"ಹುಡುಗಿ ಸಾಲಿಗೆ ಹೋಗೂದಿಲ್ಲ ಅಂತಾಳ್ರಿ ಟೀಚರ್. ನಮ್ಮ ಮುತ್ತ್ಯಾ ಸುಳ್ಳ ಹೇಳಾವ ಅಲ್ರಿ."

"ಅದರಾಗ ಮನಷ್ಯಾ ಕುಂತಿದ್ದನೇನ್ರಿ, ಕಾಕಾ?"

"ಇಲ್ರಿ. ಖಾಲಿನ ಹಾರಿತಂತ. ಒಂದಿಷ್ಟ ಮ್ಯಾಲ ಹೋಗಿ ಬಿತ್ತಂತ."

"ಎಲ್ಲ್ಯಾರ ಬರದಿಟ್ಟಾರೇನ್ರಿ?"

"ಆಗಿನ ಪೇಪರದಾಗ ಬಂದಿತ್ತಂತ. ನೀವು ಕಲತಾವರು, ಹುಡುಕಿ ಕೊಡ್ರಿ."

ಆಗಲಿ ಎಂದುಬಿಟ್ಟೆ. ಹುಡುಗಿ ಶಾಲೆಗೆ ಮರಳಿದಳು. ಆದರೆ ನನ್ನ ತರಗತಿಯಲ್ಲಿ ಮತ್ತೆಂದೂ ಕೈ ಎತ್ತಲಿಲ್ಲ.

ಮುಂಬೈಗೆ ಹೋಗುವ ಅವಕಾಶ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಒಂದು ತರಬೇತಿಗೆಂದು. ಎರಡು ದಿನ ಹಳೆಯ ಗ್ರಂಥಾಲಯವೊಂದರಲ್ಲಿ ಕೂತು ಆ ಕಾಲದ ಮರಾಠಿ ಪತ್ರಿಕೆಗಳನ್ನು ತಿರುವಿದೆ. ಕಾಗದ ಹಪ್ಪಳದಂತೆ ಮುರಿಯುತ್ತಿತ್ತು. ಕೆಲವು ತಿಂಗಳ ಸಂಚಿಕೆಗಳೇ ಇರಲಿಲ್ಲ. "ಖೂಪ ಲೋಕ ಶೋಧೂನ ಗೇಲೇ, ಬಾಯೀ" ಎಂದ ಅಲ್ಲಿಯ ಗುಮಾಸ್ತ. ನನ್ನಂತೆ ಬಹಳ ಮಂದಿ ಹುಡುಕಿ ಹೋಗಿದ್ದರು.

ಮರಳಿ ಬಂದಾಗ ಕಾಕಾ ಹಾಸಿಗೆ ಹಿಡಿದಿದ್ದರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅಥಣಿಗೆ ಮದುವೆಯಾಗಿ ಹೋಗಿದ್ದ ಮಗಳು ಆರೈಕೆಗೆ ಬಂದಿದ್ದಳು. ನಾನು ಕೂರುವ ಮೊದಲೇ ಅವರು ಕೇಳಿದರು, "ಸಿಕ್ತೇನ್ರಿ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಹೂಂ ಅನ್ನಿರಿ ಎಂದು ಅವಳ ಕಣ್ಣು ಬೇಡುತ್ತಿತ್ತು.

"ಸಿಗಲಿಲ್ಲ ಕಾಕಾ. ಒಂದಿಷ್ಟ ತಿಂಗಳಿನ ಪೇಪರ ಅಲ್ಲಿ ಇಲ್ಲೇ ಇಲ್ಲ."

"ಹಾರಿಲ್ಲ ಅಂತ ಬರದಿತ್ತೇನ್ರಿ?"

"ಹಂಗೂ ಎಲ್ಲೂ ಬರದಿರಲಿಲ್ಲ."

ಕಾಕಾ ತೊದಲುತ್ತ ಹೇಳಿದರು, "ಹಂಗಾದ್ರ ಮುತ್ತ್ಯಾ ಖರೇ ಹೇಳಿದ ಅನ್ನೂ ಹಂಗಿಲ್ಲ, ಸುಳ್ಳ ಹೇಳಿದ ಅನ್ನೂ ಹಂಗಿಲ್ಲ."

ನನ್ನಿಂದ ಆದದ್ದು ಒಂದೇ: ಚಮಚದಲ್ಲಿ ಎರಡು ಗುಟುಕು ನೀರು ಕುಡಿಸಿದೆ.

ಹದಿನೈದು ದಿನಗಳಲ್ಲಿ ತೀರಿಕೊಂಡರು. ಕಾರ್ಯಗಳೆಲ್ಲ ಮುಗಿದ ಮೇಲೆ ಮಗಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ಬಸ್ಸು ಬಂದು ನಿಂತಾಗ ಕೇಳಿದಳು:

"ಸಿಕ್ಕೈತಿ ಅಂದಿದ್ರ ನಿಮ್ಮದೇನ ಹೋಗತಿತ್ರಿ ಟೀಚರ್?"

ಚೀಲ ಎತ್ತಿಕೊಂಡು ಅಥಣಿಯ ಬಸ್ಸು ಹತ್ತಿದಳು.