ಸ್ವಾಮಿಗೆ ಹೇಳಿದ್ದ ಮುಡಿ

ಮೊದಲು ನಮಸ್ಕಾರ. ನಾಡಿಯ ಮೇಲೆ ಬೆರಳಿಡುವುದನ್ನು ಕಲಿಸಿದ ಗುರುಗಳಿಗೆ, ಆ ಬೆರಳಿನಡಿಯಲ್ಲಿ ಮಿಡಿಯುವ ಪ್ರಾಣವನ್ನು ಇಟ್ಟವನಿಗೆ, ತಮ್ಮ ದೇಹದ ಸಂಕಟವನ್ನು ನಂಬಿ ನನ್ನ ಮುಂದೆ ತೆರೆದಿಟ್ಟ ತಾಯಂದಿರಿಗೆ ನಾನು ಋಣಿ. ಈ ಬರಹದಲ್ಲಿ ತಿಳಿವಳಿಕೆ ಎಂಬುದೇನಾದರೂ ಇದ್ದರೆ ಅದು ಅವರು ಕೊಟ್ಟದ್ದು. ತಪ್ಪು ಮಾತ್ರ ನನ್ನದೇ.

ಕೊರೋನಾದ ಎರಡನೆಯ ಅಲೆ ಇಳಿದ ಮರುವರ್ಷ. ನಾನು ಸರ್ಕಾರಿ ಸೇವೆಯಿಂದ ನಿವೃತ್ತಳಾಗಿ ಹೊಸೂರಿನ ಅಂಚಿನ ಆಲಸನತ್ತಂನ ಮನೆಯಲ್ಲಿ ಪೂಜೆ, ಪಾರಾಯಣ, ತುಳಸಿಗಿಡ ಎಂದು ದಿನ ಕಳೆಯುತ್ತಿದ್ದೆ. ಹೊಸೂರಿನ ಒಂದು ಧರ್ಮಾಸ್ಪತ್ರೆಯವರು ಮಂಗಳವಾರ ಮತ್ತು ಶುಕ್ರವಾರ ಬಂದು ಕುಳಿತುಕೊಳ್ಳಬೇಕೆಂದು ಕೇಳಿದರು. ಸ್ತನ ಕ್ಯಾನ್ಸರಿಗೆ ದೊಡ್ಡ ಊರುಗಳಲ್ಲಿ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಶನ್ ಮುಗಿಸಿಕೊಂಡು ಬಂದ ಹೆಂಗಸರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸುವುದು ನನ್ನ ಕೆಲಸ. ಅದನ್ನು ಫಾಲೋ-ಅಪ್ ಕ್ಲಿನಿಕ್ ಎನ್ನುತ್ತಿದ್ದೆವು.

ಆ ಬೆಳಗುಗಳನ್ನು ನೆನೆದರೆ ಈಗಲೂ ಎಚ್ಚರಕ್ಕೂ ನಿದ್ರೆಗೂ ನಡುವೆ ಎಲ್ಲೋ ನಿಂತಂತಾಗುತ್ತದೆ. ಹೊಸೂರಿನ ಮಂಜು ಕಿಟಕಿಯ ಸರಳುಗಳವರೆಗೂ ಬಂದು ನಿಲ್ಲುತ್ತಿತ್ತು. ಅದರೊಳಗಿಂದ ಹೆಂಗಸರು ಒಬ್ಬೊಬ್ಬರಾಗಿ ಮೂಡಿಬರುತ್ತಿದ್ದರು. ಮೊದಲು ಸೀರೆಯ ಬಣ್ಣ, ಆಮೇಲೆ ಮುಖ, ಕೊನೆಗೆ ಹೆಸರು. ಹಾಗೆ ಮೂಡಿಬಂದವಳು ಮುನಿರತ್ನಮ್ಮ. ವಯಸ್ಸು ಐವತ್ತಾರು. ಡೆಂಕಣಿಕೋಟೆಯಾಚೆ ಕಾಡಂಚಿನ ಹಳ್ಳಿಯವಳು. ಮನೆಯವರದು ರಾಗಿ ಹೊಲ, ಒಂದು ಪಟ್ಟಿ ಸೇವಂತಿಗೆ ತೋಟ. ಹೂ ಕಟ್ಟುವುದು ಅವಳ ಕೈಗೆ ಉಸಿರಾಟದಷ್ಟೇ ಸಹಜ. ಜೊತೆಯಲ್ಲಿ ಎಪ್ಪತ್ತೈದು ದಾಟಿದ ಅತ್ತೆ ಚಿಕ್ಕತಾಯಮ್ಮ, ಬಗ್ಗದ ಬೆನ್ನಿನ ಮುದುಕಿ.

ಮುನಿರತ್ನಮ್ಮ ತಲೆಗೆ ಬಟ್ಟೆ ಕಟ್ಟಿದ್ದಳು. ಬಿಚ್ಚಿದಾಗ ಕೀಮೋದಲ್ಲಿ ಬರಿದಾದ ತಲೆಯ ಮೇಲೆ ಆಗಷ್ಟೇ ಮೊಳೆತ ಪೈರಿನಂತೆ ಎಳೆಗೂದಲು ಎದ್ದಿತ್ತು. ನಾನು ಅವಳಿಗೆ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಬರೆದೆ: ಲೆಟ್ರೋಝೋಲ್, ಎರಡೂವರೆ ಮಿಲಿಗ್ರಾಂ, ದಿನಕ್ಕೊಂದು, ಐದು ವರ್ಷ.

ಇದರ ತತ್ತ್ವವನ್ನು ಇಲ್ಲಿ ಹೇಳಿಬಿಡಬೇಕು. ಸ್ತನ ಕ್ಯಾನ್ಸರಿನ ಎಷ್ಟೋ ಗಡ್ಡೆಗಳು ಈಸ್ಟ್ರೋಜನ್ ಎಂಬ ಹೆಣ್ಣುತನದ ಹಾರ್ಮೋನನ್ನು ಉಂಡು ಬೆಳೆಯುತ್ತವೆ. ಮುಟ್ಟು ನಿಂತ ಮೇಲೂ ದೇಹ ಅದನ್ನು ಕೊಬ್ಬಿನ ಭಾಗಗಳಲ್ಲಿ ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುತ್ತದೆ. ಈ ಮಾತ್ರೆ ಆ ತಯಾರಿಕೆಯನ್ನು ತಡೆಯುತ್ತದೆ. ಎಲ್ಲಿಯಾದರೂ ಅಡಗಿ ಉಳಿದ ಕ್ಯಾನ್ಸರ್ ಕಣಕ್ಕೆ ಆಹಾರ ಸಿಕ್ಕುವುದಿಲ್ಲ. ಆದರೆ ಅದೇ ಈಸ್ಟ್ರೋಜನ್ ಕೂದಲ ಬುಡಕ್ಕೂ ಕೀಲುಗಳಿಗೂ ಬೇಕು. ಅದು ಕಡಿಮೆಯಾದಾಗ ಕೆಲವರಿಗೆ ನಡುನೆತ್ತಿಯ ಕೂದಲು ತೆಳುವಾಗುತ್ತದೆ, ಬೈತಲೆ ಅಗಲವಾಗುತ್ತದೆ. ಬೆಳಗಿನ ಹೊತ್ತು ಬೆರಳುಗಳು ಬಿಗಿಯುತ್ತವೆ. ಕೀಮೋದಲ್ಲಾದಂತೆ ಪೂರ್ತಿ ಬೋಳಾಗುವುದಿಲ್ಲ. ಹಿಂಜಿದಂತೆ, ಮೆಲ್ಲಗೆ, ಹೇಳದೆ ಕೇಳದೆ ಹೋಗುತ್ತದೆ.

ಇಷ್ಟನ್ನೂ ನಾನು ಬಲ್ಲೆ. ಅವಳು ಅಂದು ಕೇಳಿದ್ದು ಒಂದೇ ಪ್ರಶ್ನೆ.

"ಇದ್ರಾಗೂ ಕೂದ್ಲು ಹೋಯ್ತದಾ ಡಾಕ್ಟ್ರಮ್ಮ?"

"ಇಲ್ಲಮ್ಮ, ಇದು ಆ ಔಷಧಿಯಲ್ಲ. ಇನ್ನು ಬೆಳೆಯುವುದೊಂದೇ ಕೆಲಸ," ಎಂದೆ.

ಬಳಲಿದವಳಿಗೆ ಒಂದು ಸಿಹಿ ಮಾತು ಸಲ್ಲಲಿ ಎಂಬ ಕರುಣೆ ಅದರಲ್ಲಿತ್ತು. ಪ್ರಾಣ ಉಳಿದಿರುವಾಗ ಕೂದಲಿನದೇನು ಮಹಾ ಎಂಬ ಉಪೇಕ್ಷೆಯೂ ಇತ್ತು. ಆ ಕ್ಷಣದಲ್ಲಿ ಎರಡನೆಯದು ನನಗೆ ಕಾಣಲಿಲ್ಲ.

ಮೊದಲ ವರ್ಷ ಅವಳು ತಪ್ಪದೆ ಬಂದಳು. ಪ್ರತಿ ಸಲ ತಲೆಯ ಮೇಲೆ ಬಟ್ಟೆ ಇರುತ್ತಿತ್ತು. ಮಂಜಿಗೆ, ಚಳಿಗೆ ಎನ್ನುತ್ತಿದ್ದಳು. ನಾನು ಬಿಚ್ಚಿಸಿ ನೋಡಲಿಲ್ಲ. ಬೆರಳು ಬಿಗಿದು ಹೂ ಕಟ್ಟಲು ಆಗುತ್ತಿಲ್ಲ ಎಂದಾಗ ಕ್ಯಾಲ್ಸಿಯಂ, ವಿಟಮಿನ್ ಡಿ, ಬೆರಳಿನ ವ್ಯಾಯಾಮ ಹೇಳಿದೆ. ಎರಡನೆಯ ವರ್ಷ ಕೊಯ್ಲೆಂದು ಒಂದು ಸಲ ತಪ್ಪಿಸಿದಳು. ಇನ್ನೊಂದು ಸಲ ಬಂದು, "ಮಾತ್ರೆ ತಗೋತಿವ್ನಿ, ಏನೂ ತೊಂದ್ರೆ ಇಲ್ಲ," ಎಂದು ಹೇಳಿ ಬೇಗನೆ ಹೊರಟುಹೋದಳು.

ಆಮೇಲಿನ ಒಂದು ಶುಕ್ರವಾರ ಬಾಗಿಲಲ್ಲಿ ಅವಳನ್ನು ಕಂಡು ಗುರುತು ಹಿಡಿಯಲು ನನಗೆ ಎರಡು ಗಳಿಗೆ ಹಿಡಿಯಿತು. ತಲೆಯ ಮೇಲೆ ಬಟ್ಟೆಯಿಲ್ಲ. ಕುತ್ತಿಗೆ ದಾಟಿದ ಮೋಟುಜಡೆ, ಅದರಲ್ಲಿ ಹಳದಿ ಸೇವಂತಿಗೆಯ ಒಂದು ತುಂಡು. ಬೆಳಗಿನ ಬಿಸಿಲು ಆ ಹೂವಿನ ಮೇಲೆ ಬಿದ್ದು ಇಡೀ ಕೊಠಡಿಯೇ ಹಳದಿಯಾದಂತಿತ್ತು.

ನಮ್ಮ ನರ್ಸ್ ಸೆಲ್ವಿ ಕೃಷ್ಣಗಿರಿಯ ಕಡೆಯವಳು. ತಮಿಳನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. "ಡಾಕ್ಟರಮ್ಮ, ಇಂಗೆ ಪಾರುಂಗ, ಇಲ್ಲಿ ನೋಡಿ! ಎಷ್ಟು ಚೆನ್ನಾಗಿ ಬಂದದೆ ಮುಡಿ! ಅಕ್ಕ, ಏನು ಎಣ್ಣೆ ಹಾಕ್ತೀರಿ? ನಂಗೂ ಹೇಳಿ."

"ಹೇಳಿದ್ರೆ ನೀನು ಅಂಗ್ಡಿ ಇಟ್ಬುಡ್ತೀಯ, ಹೋಗಮ್ಮ," ಎಂದು ಮುನಿರತ್ನಮ್ಮ ನಕ್ಕಳು.

ನಾನೂ ಹಿಗ್ಗಿದೆ. ಬೆರಳು ಹೇಗಿದೆ ಎಂದು ಕೇಳಿದರೆ, ಬಿಸಿಲೇರುವುದರೊಳಗೆ ಹತ್ತು ಮೊಳ ಕಟ್ಟುತ್ತೇನೆ ಎಂದಳು. "ಕೀಲುನೋವಿಲ್ಲ" ಎಂದು ಫೈಲಿನಲ್ಲಿ ಬರೆಯತೊಡಗಿದೆ. ಅರ್ಧಕ್ಕೇ ಪೆನ್ನು ನಿಂತಿತು.

ಕೂದಲು ತುಂಬಿದೆ, ಬೆರಳು ಸಡಿಲವಾಗಿದೆ. ಎರಡು ಒಳ್ಳೆಯ ಸುದ್ದಿಗಳು ಒಟ್ಟಿಗೆ ಬಂದಿದ್ದವು. ಈ ಎರಡು ತೊಂದರೆಗಳನ್ನೂ ತಂದದ್ದು ಒಂದೇ ಮಾತ್ರೆ. ಎರಡೂ ಒಟ್ಟಿಗೆ ಹೋಗಿವೆ ಎಂದರೆ ಹೋದದ್ದು ಇನ್ನೇನು?

"ರತ್ನಮ್ಮ, ಮಾತ್ರೆ ಬಿಟ್ಟು ಎಷ್ಟು ದಿನವಾಯಿತು?" ಎಂದೆ.

ಉತ್ತರ ಬಂದದ್ದು ಅತ್ತೆ ಕುಳಿತಿದ್ದ ಬೆಂಚಿನ ಕಡೆಯಿಂದ.

"ಏಳು ತಿಂಗ್ಳಾಯ್ತು ತಾಯಿ. ಬಿಡ್ಸಿದ್ದು ನಾನೇ. ಎಸ್ದಿಲ್ಲ, ದೇವ್ರ ಗೂಡ್ನಾಗೆ ಮಡಗಿವ್ನಿ." ಚಿಕ್ಕತಾಯಮ್ಮ ಎದ್ದು ನಿಂತು ಹೇಳಿದಳು. "ಇವಳ್ನ ಕೊಯ್ಯಾಕೆ ಒಳಗೆ ಕರ್ಕೊಂಡೋದಾಗ ನಮ್ಮ ಬೆಟ್ಟದ ತಿಮ್ಮರಾಯಸ್ವಾಮಿಗೆ ಕೈ ಮುಗ್ದೆ. ಸೊಸೆನ ಉಳ್ಸಿಕೊಡಪ್ಪ, ಅವಳ ಮುಡಿ ನಿಂಗೇ ಅಂದೆ. ಅವನು ಮಾತು ಉಳ್ಸಿಕೊಂಡ. ನಾವು? ನಾವು ಬೆಟ್ಟ ಹತ್ತೋದ್ರೊಳಗೆ ಆ ಬಾಟ್ಲಿ ಔಷ್ದಿ ಹಾಕಿ, ಸ್ವಾಮಿ ಮುಡಿಯೆಲ್ಲ ಆಸ್ಪತ್ರೆ ಕಸಕ್ಕೋಯ್ತು. ಮತ್ತೆ ಬೆಳೀತದೆ ಅಂದ್ರಿ ನೀವು. ಬೆಳೀತಾ ಬೆಳೀತಾನೇ ನೆತ್ತಿ ಕಾಣಾಕೆ ಶುರುವಾಯ್ತು. ಔಷ್ದಿ ತಿಂದು ಬಿಟ್ಟ ಎಂಜ್ಲು ಕೂದ್ಲ ಸ್ವಾಮಿಗೆ ಕೊಡಾಕಾಯ್ತದಾ?"

ನಾನು ಶಾಸ್ತ್ರದ ಮಾತು ಎತ್ತಿದೆ. ಭಗವಂತ ಭಾವವನ್ನು ನೋಡುತ್ತಾನೆ, ಕೂದಲಿನ ದಟ್ಟಣೆಯನ್ನಲ್ಲ ಎಂದೆ.

"ನೀವು ಪೂಜೆಗೆ ಬಾಡಿದ ಹೂ ಏರ್ಸ್ತೀರಾ ತಾಯಿ?" ಎಂದು ಮುದುಕಿ ಕೇಳಿದಳು.

ಆ ಮುಂಜಾನೆಯೇ ನಾನು ಕಂದಿದ ಎಸಳುಗಳನ್ನು ಬೇರ್ಪಡಿಸಿ ಹೂ ಬುಟ್ಟಿ ತುಂಬಿದ್ದೆ.

"ಇನ್ನೊಂದ್ ವರ್ಸ. ಸೊಂಟ ಮುಟ್ಲಿ. ಕೊಟ್ಬುಟ್ಟು ಬಂದು ನಿಮ್ಮ ಮಾತ್ರೆ ನುಂಗ್ತಾಳೆ," ಎಂದಳು.

ಆ ಒಂದು ವರ್ಷದ ಬೆಲೆ ಏನಾಗಬಹುದೆಂದು ವಿವರಿಸಿದೆ. ನೆಲದಲ್ಲಿ ಮಲಗಿರುವ ಕಳೆಯ ಬೀಜಕ್ಕೆ ನೀರು ಬಿಟ್ಟಂತೆ ಎಂದೆ. ಮುದುಕಿಗೆ ಅರ್ಥವಾಯಿತು, ಒಪ್ಪಿಗೆಯಾಗಲಿಲ್ಲ. ಅಂದೇ ಮುನಿರತ್ನಮ್ಮನನ್ನು ಕೂಲಂಕಷವಾಗಿ ಪರೀಕ್ಷಿಸಿದೆ, ಉಳಿದ ಸ್ತನಕ್ಕೆ ಮ್ಯಾಮೋಗ್ರಾಂ ಎಂಬ ಎಕ್ಸ್-ರೇ ಮಾಡಿಸಿದೆ. ಹೊಸ ಗಡ್ಡೆ ಯಾವುದೂ ಕಾಣಲಿಲ್ಲ. ಕಾಯುವವನು ಕಾದಿದ್ದ. ಆದರೆ ಮುಂದೆಯೂ ಹಾಗೆಯೇ ಇರುತ್ತದೆಂದು ಹೇಳುವ ಅಧಿಕಾರ ನನಗಿರಲಿಲ್ಲ.

ಅತ್ತೆಯನ್ನು ಸೆಲ್ವಿ ಚಹಾ ಕುಡಿಸಲು ಕರೆದೊಯ್ದಳು. ಕೊಠಡಿಯಲ್ಲಿ ಇಬ್ಬರೇ ಉಳಿದೆವು. ಹೊರಗೆ ಮಂಜು ಕರಗುತ್ತ, ಬೇವಿನ ಮರದ ಒಂದೊಂದೇ ಕೊಂಬೆಯನ್ನು ಬಿಟ್ಟುಕೊಡುತ್ತಿತ್ತು. ಮುನಿರತ್ನಮ್ಮ ಜಡೆಯನ್ನು ಎದೆಯ ಮೇಲಕ್ಕೆ ತಂದು, ಶಸ್ತ್ರಚಿಕಿತ್ಸೆಯಾದ ಕಡೆಯನ್ನು ಮುಚ್ಚುವಂತೆ ಹಿಡಿದುಕೊಂಡಳು.

"ಹರಕೆ ಅತ್ತೇದು ಡಾಕ್ಟ್ರಮ್ಮ. ನಂಗೆ ಬೋಳಾಗೋದೇ ಬ್ಯಾಡ. ಒಂದ್ಸಲ ಆಗಿವ್ನಲ್ಲ. ಕನ್ನಡೀಲಿ ಯಾರೋ ಗಂಡಸ್ರು ಬಂದವ್ರೆ ಅನ್ಕೊಂಡು ಸೆರಗು ಎಳ್ಕೊಂಡಿದ್ದೆ. ಎದೆ ಹೋಗಿದ್ದು ರವಿಕೆ ಒಳಗೆ ಮುಚ್ಕೋತದೆ. ಇದು ಬೀದಿಗೇ ಕಾಣ್ತದೆ. ಸೊಂಟ ಮುಟ್ಲಿ ಅಂತ ಅತ್ತೆ ಅಂದಾಗ ಒಳ್ಳೇದೇ ಆಯ್ತು ಅನ್ಕೊಂಡೆ. ಬೆಳೀತಾ ಇರ್ಲಿ, ಸೊಂಟ ಮುಟ್ಟೋದೇ ಬ್ಯಾಡ. ಅಲ್ಲೀಗಂಟ ಮಾತ್ರೆನೂ ಇಲ್ಲ, ಕತ್ತಿನೂ ಇಲ್ಲ."

"ಅಷ್ಟರಲ್ಲಿ ರೋಗ ಮರಳಿ ಬಂದರೆ?"

"ಜಡೆ ಇಟ್ಕೊಂಡೇ ಹೋಯ್ತೀನಿ ಅನ್ಕೊಂಡೆ," ಎಂದು ಅವಳು ನಗಲು ನೋಡಿದಳು. ನಗು ಬರಲಿಲ್ಲ.

ಹರಕೆಯೊಂದೇ ಅಡ್ಡವೆಂದು ತಿಳಿದು ನಾನು ಶಾಸ್ತ್ರ ಹೇಳಿದ್ದೆ. ಆ ಹರಕೆಯ ಹಿಂದೆ ಒಬ್ಬ ಹೆಂಗಸು ಅಡಗಿಕೊಂಡಿದ್ದಳು. ಅವಳನ್ನು ಅಲ್ಲಿಗೆ ಅಟ್ಟಿದವರಲ್ಲಿ ನಾನೂ ಒಬ್ಬಳು.

"ರತ್ನಮ್ಮ, ಮೊದಲ ದಿನ ನೀನು ಕೇಳಿದಾಗ ಕೂದಲು ಹೋಗುವುದಿಲ್ಲ ಎಂದೆನಲ್ಲ, ಅದು ತಪ್ಪು. ತೆಳುವಾಗಬಹುದೆಂದು ನನಗೆ ಗೊತ್ತಿತ್ತು. ಕ್ಷಮಿಸು."

"ಅವತ್ತೇ ಅಂದಿದ್ರೆ ನುಂಗ್ತಿದ್ನೋ ಇಲ್ವೋ ಗೊತ್ತಿಲ್ಲ. ನಿಮ್ಮತ್ರ ಸುಳ್ಳಂತೂ ಹೇಳ್ತಿರ್ನಿಲ್ಲ."

ನಲವತ್ತು ವರ್ಷದ ವೃತ್ತಿಯಲ್ಲಿ ನನಗೆ ಸಿಕ್ಕ ತೀರ್ಪುಗಳಲ್ಲಿ ಇಷ್ಟು ನ್ಯಾಯವಾದದ್ದು ಇನ್ನೊಂದಿಲ್ಲ.

ಅತ್ತೆಗೆ ನೀವೇ ಹೇಳಿ ಎಂದು ಅವಳು ಬೇಡಿಕೊಂಡಳು. ಪಕ್ಕದಲ್ಲಿ ಕುಳಿತಿರುತ್ತೇನೆ, ಮಾತು ನಿನ್ನದೇ ಆಗಲಿ ಎಂದೆ. ಚಿಕ್ಕತಾಯಮ್ಮ ಒಳಗೆ ಬಂದಾಗ ಮುನಿರತ್ನಮ್ಮ ಜಡೆ ಬಿಡದೆಯೇ ಹೇಳಿದಳು, "ಅತ್ತೆ, ನಂಗೆ ಬೋಳಾಗಾಕೆ ಇಷ್ಟ ಇಲ್ಲ. ಸ್ವಾಮಿಗಾದ್ರೂ ಸರಿ, ಯಾರಿಗಾದ್ರೂ ಸರಿ."

ಮುದುಕಿ ಗೋಡೆ ಹಿಡಿದು ಕುಳಿತಳು. ಬೈಯುತ್ತಾಳೆಂದು ನಾನು ಕಾದೆ. "ನಿನ್ನ ಒಂದ್ ಮಾತು ಕೇಳ್ನೇ ಇಲ್ವಲ್ಲೇ ನಾನು," ಎಂದಳು, ಅಷ್ಟೇ. ಇಬ್ಬರೂ ಬಸ್ಸಿಗೆ ಹೊರಟರು. ಮಾತ್ರೆಯ ಹೊಸ ಪಟ್ಟಿ ಸೊಸೆಯ ಕೈಚೀಲದಲ್ಲಿತ್ತು. ನುಂಗುತ್ತಾಳೆಂಬ ಭರವಸೆ ನನಗಿರಲಿಲ್ಲ.

ಮರುವಾರ ಫೋನು ಬಂತು. ಶನಿವಾರ ಬೆಟ್ಟಕ್ಕೆ ಬರಬೇಕೆಂದು ಚಿಕ್ಕತಾಯಮ್ಮನ ಅಪ್ಪಣೆ. ಸೆಲ್ವಿಯೊಡನೆ ಹೋದೆ. ಅದು ದೊಡ್ಡ ಕ್ಷೇತ್ರವಲ್ಲ. ಬಂಡೆಯ ಮೇಲೊಂದು ಚಿಕ್ಕ ಗುಡಿ, ಮುಂದೆ ಕಲ್ಲುಕಂಬ, ಕೆಳಗೆ ಕಾಡು. ಮೆಟ್ಟಿಲು ಹತ್ತುತ್ತಿದ್ದಂತೆ ಮೋಡ ನಮ್ಮ ಕಾಲ ಕೆಳಗಿಳಿಯಿತು. ಗಂಟೆಯ ಸದ್ದು ಮೇಲಿನಿಂದ ಬಂತೋ ಒಳಗಿನಿಂದಲೋ ತಿಳಿಯಲಿಲ್ಲ. ಊರು, ರಸ್ತೆ, ಕಾರ್ಖಾನೆಯ ಚಿಮಣಿ ಎಲ್ಲವೂ ಬಿಳಿಯೊಳಗೆ ಮುಳುಗಿ, ಜಗತ್ತೆಂದರೆ ಆ ಬಂಡೆ ಮತ್ತು ನಾವು ಐದಾರು ಜನ ಎಂಬಂತಿತ್ತು.

ಮುಡಿ ತೆಗೆಯುವವನು ಕಲ್ಲಿನ ಮೇಲೆ ನೀರಿನ ಚೊಂಬಿಟ್ಟುಕೊಂಡು ಕಾಯುತ್ತಿದ್ದ. ಮುನಿರತ್ನಮ್ಮ ಜಡೆಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಅಷ್ಟರಲ್ಲಿ ಚಿಕ್ಕತಾಯಮ್ಮ ಹೋಗಿ ಅವನ ಮುಂದೆ ತಾನೇ ಚಕ್ಕಳಮಕ್ಕಳ ಹಾಕಿ ಕುಳಿತಳು, ತುರುಬು ಬಿಚ್ಚಿದಳು.

"ಅಜ್ಜಿ, ಸೊಸೆ ಮುಡಿ ಅಂತ ಅಲ್ವಾ ನೀನು ಹೇಳ್ಕೊಂಡಿದ್ದು?" ಎಂದು ಪೂಜಾರಪ್ಪ ಕೇಳಿದ.

"ಮಾತು ಕೊಟ್ಟ ಬಾಯಿ ನಂದು, ತಲೆ ಮಾತ್ರ ಅವಳ್ದಾ? ಅವಳಿಂದ ಮೂರು ಕತ್ರಿ ಕೂದ್ಲು ತಗೊಳ್ಲಿ, ಮಿಕ್ಕಿದ್ದು ನನ್ನಿಂದ ಹಿಡ್ಕೊಳ್ಲಿ. ಒಂದೇ ಮನೆ ತಾನೇ? ನೀನೇ ಕೇಳಪ್ಪ ಅವನ್ನ."

ಪೂಜಾರಪ್ಪ ಗರ್ಭಗುಡಿಯ ಕಡೆ ತಿರುಗಿ ಕಣ್ಣು ಮುಚ್ಚಿದ. ಹೂವಿನ ಪ್ರಸಾದ ಕೇಳುವುದು ಅಲ್ಲಿಯ ಪದ್ಧತಿ. ಸ್ವಾಮಿಯ ಬಲಭುಜದಿಂದ ಹೂ ಬಿದ್ದರೆ ಒಪ್ಪಿಗೆ. ಎಷ್ಟು ಹೊತ್ತು ಕಾದೆವೋ. ಒಂದು ತುಳಸೀದಳ ಜಾರಿತು, ಅದರ ಹಿಂದೆಯೇ ಒಂದು ಹೂ. ಬಲಗಡೆ.

"ಒಪ್ಪವ್ನೆ," ಎಂದ ಪೂಜಾರಪ್ಪ.

"ಒಪ್ಪದೆ ಏನ್ ಮಾಡ್ತಾನೆ," ಎಂದು ಮುದುಕಿ ತಲೆ ಬಗ್ಗಿಸಿದಳು.

"ಇಷ್ಟೇನಾ ಅಜ್ಜಿ ಕೂದ್ಲು?" ಎಂದ ಕತ್ತಿ ಹಿಡಿದವನು.

"ಇರೋದೇ ಅಷ್ಟು ಕಣ್ಲಾ. ಮಾತು ಬುಟ್ಟು ಕತ್ತಿ ನೆಟ್ಟಗಾಡ್ಸು."

ಬಂಡೆಯ ಮೇಲೆ ಬೆಳ್ಳಿಯೆಳೆಗಳು ಬಿದ್ದವು. ಮುನಿರತ್ನಮ್ಮ ಅತ್ತೆಯ ಪಕ್ಕದಲ್ಲಿ ಕುಳಿತು ಜಡೆಯ ತುದಿಯಿಂದ ಮೂರು ಸಲ ಕತ್ತರಿ ಹಾಕಿಸಿಕೊಂಡಳು. ಮೂರು ಸಲವೂ ಕಣ್ಣು ಮುಚ್ಚಿದಳು. ಗಂಧ ಬಳಿದ ಬೋಳುತಲೆಯ ಚಿಕ್ಕತಾಯಮ್ಮ ತೀರ್ಥ ಪಡೆದವಳು ತಾನು ಕುಡಿಯದೆ ಸೊಸೆಯ ಅಂಗೈಗೆ ಸುರಿದಳು. "ತಗಿಯೇ ನಿನ್ನ ಮಾತ್ರೆ. ತೀರ್ಥದಾಗೇ ನುಂಗು. ಕೂದ್ಲು ಹೋದ್ರೆ ಹೋಯ್ತದೆ, ನಂಗೆ ಬರೋವಂಗೆ ನಿಂಗೂ ಬತ್ತದೆ. ನೀನು ಹೋದ್ರೆ ನನ್ ತಲೆಗೆ ಎಣ್ಣೆ ಒತ್ತೋರ್ಯಾರು?"

ಮುನಿರತ್ನಮ್ಮ ನುಂಗಿದಳು.

ಇದು ನಡೆದು ಕೆಲವು ಕಾಲವಾಯಿತು. ಅವಳ ಕೂದಲು ಮತ್ತೆ ತೆಳುವಾಗಿದೆ. ಅದನ್ನು ಮುಚ್ಚಿ ಹೇಳಲಾರೆ. ಚರ್ಮವೈದ್ಯರು ಕೊಟ್ಟ ಮಿನಾಕ್ಸಿಡಿಲ್ ಲೋಷನ್ನಿನಿಂದ ಉದುರುವುದು ಸ್ವಲ್ಪ ತಗ್ಗಿದೆ. ಬೆರಳು ಬೆಳಗಿನಲ್ಲಿ ಬಿಗಿಯುತ್ತದೆ, ಹೂ ಕಟ್ಟುವುದು ಬಿಸಿಲೇರಿದ ಮೇಲೆ. ಕ್ಲಿನಿಕ್ಕಿಗೆ ಬಂದವಳೇ ತಲೆಯ ಬಟ್ಟೆ ತೆಗೆದು, "ನೋಡಿ ನಿಮ್ಮ ಮಾತ್ರೆ ಮಾಡಿರೋ ಕೆಲ್ಸ," ಎಂದು ಬೈತಲೆ ತೋರಿಸಿ ಜಗಳಕ್ಕೆ ನಿಲ್ಲುತ್ತಾಳೆ. ಆ ಜಗಳ ನನಗೆ ಮಂತ್ರಘೋಷದಷ್ಟು ಹಿತ. ಮಾತ್ರೆ ನಿಲ್ಲಿಸಿಲ್ಲ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ರೋಗಿಯ ತೊಂದರೆಯಲ್ಲಿ ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ಅಳೆಯುವ ಕೋಲು ವೈದ್ಯರ ಕೈಯಲ್ಲಿಲ್ಲ. ಸಣ್ಣದೆಂದು ನಾವು ಹೇಳದೆ ಬಿಟ್ಟ ಮಾತಿನ ಜಾಗದಲ್ಲಿ ಅವರು ತಮಗೆ ತೋಚಿದ ಕಾರಣವನ್ನು ತಂದಿಟ್ಟುಕೊಳ್ಳುತ್ತಾರೆ. ಆಮೇಲೆ ಅದನ್ನು ಕದಲಿಸಲು ಬೆಟ್ಟ ಹತ್ತಬೇಕಾಗುತ್ತದೆ. ಈಗ ನಾನು ಮಾತ್ರೆ ಬರೆಯುವ ಮೊದಲೇ ಕೂದಲಿನ ಮಾತು ಎತ್ತುತ್ತೇನೆ. ಕೆಲವರು ಅಳುತ್ತಾರೆ. ಅತ್ತು, ಮಾತ್ರೆಯ ಚೀಟಿ ತೆಗೆದುಕೊಂಡು ಹೋಗುತ್ತಾರೆ.

ಕತ್ತಿ ಹಿಡಿದ ಕೈಗಳಿಗೆ, ಆಸ್ಪತ್ರೆಯವಕ್ಕೂ ಬೆಟ್ಟದವಕ್ಕೂ, ಎಂದೂ ನಡುಕ ಬಾರದಿರಲಿ. ಸೆಲ್ವಿಯ ಮನೆ ತುಂಬಿರಲಿ. ಹೂ ಕೇಳಿದ ಪೂಜಾರಪ್ಪನ ದೀಪ ಆರದಿರಲಿ. ಚಿಕ್ಕತಾಯಮ್ಮ ನೂರು ಕಾಣಲಿ. ಮುನಿರತ್ನಮ್ಮನಿಗೂ, ಇದನ್ನು ಓದುತ್ತ ತಮ್ಮ ಬೈತಲೆಯನ್ನು ಮುಟ್ಟಿ ನೋಡಿಕೊಂಡ ಪ್ರತಿಯೊಬ್ಬ ತಾಯಿಗೂ, ಆಯುಷ್ಯವಿರಲಿ, ಮುಡಿಯಲು ಹೂವಿರಲಿ, ಕೇಳಿದ್ದಕ್ಕೆ ನಿಜ ಹೇಳುವವರು ಹತ್ತಿರವಿರಲಿ.