ಎ.ಸಿ. ಹಾಕಿ ಕಿಟಕಿ ತೆರೆದಿಡುತ್ತಿದ್ದ ಮುನೀರ್ ಭಾಯ್

ಜುಲೈ ತಿಂಗಳಲ್ಲಿ ಎ.ಸಿ. ಹಾಕಿ ಕಿಟಕಿಯನ್ನೂ ತೆರೆದಿಡುವ ಮನುಷ್ಯ ದುಬೈನ ಇಡೀ ಅಲ್ ಕುಸೈಸ್ ಬಡಾವಣೆಯಲ್ಲಿ ಒಬ್ಬರೇ ಇದ್ದರು: ಭಟ್ಕಳದ ಮುನೀರ್ ಭಾಯ್, ನನ್ನ ಬೈಕಿನ ಮೆಕ್ಯಾನಿಕ್.

ಬೈಕಿನ ಜೊತೆ ಬಂದ ಪುಸ್ತಕದಲ್ಲಿ ‘ಚಳಿಗಾಲದಲ್ಲಿ ಬ್ಯಾಟರಿ ಬಿಚ್ಚಿಡಿ’ ಎಂದಿತ್ತು. ಓದಿ ಹೇಳಿದೆ. ಹೊಟ್ಟೆ ಹಿಡಿದು ನಕ್ಕರು. “ದುಬೈಲಿ ಚಳಿಗಾಲ ಬಿಟ್ರೆ ಗಾಡಿ ಓಡಿಸೂದು ಯಾವಾಗ, ಇಂಜಿನಿಯರ್ ಸಾಹೇಬ್ರೆ? ನಮ್ಮ ಗಾಡಿ ಮಲಗೂದು ಸೆಕೆಗೆ!”

ಬೇಸಿಗೆಯಲ್ಲಿ ಜನ ಊರಿಗೆ ಹೊರಟರೆ, ಅವರ ಬೈಕುಗಳ ಬ್ಯಾಟರಿಗಳು ಮುನೀರ್ ಭಾಯ್ ಅಂಗಡಿಯ ಹಿಂದಿನ ತಂಪು ಕೋಣೆಗೆ ಬರುತ್ತಿದ್ದವು. ಟಿಫಿನ್ ಡಬ್ಬಿಯಷ್ಟೇ ದೊಡ್ಡವು. ಒಂದೊಂದಕ್ಕೂ ಮಾಲೀಕರ ಹೆಸರಿನ ಚೀಟಿ. ತಿಂಗಳಿಗೊಮ್ಮೆ ನೀರು ನೋಡಿ ಚಾರ್ಜಿಗೆ ಹಾಕುವರು. “ಡಿಸೋಜರಿಗೆ ನೀರು ಕಮ್ಮಿ. ಶೆಟ್ರು ಫುಲ್ಲು!” ಎಂದು ವರದಿ ಒಪ್ಪಿಸುವರು. ಕಿಟಕಿ ಯಾಕೆಂದು ಕೇಳಿದರೆ, “ಕರೆಂಟು ಕುಡಿಯುವಾಗ ಇವರೆಲ್ಲ ಗ್ಯಾಸ್ ಬಿಡ್ತಾರೆ ಮಾರಾಯ್ರೆ. ಕಿಡಿ ತಾಗಿದ್ರೆ ಖಲಾಸ್. ತೆಗೆಯುವಾಗ ಮೊದ್ಲು ಗೋಡೆ ಸ್ವಿಚ್ಚು ಆಫ್, ಆಮೇಲೆ ಕ್ಲಿಪ್ಪು.”

ಒಂದು ಶುಕ್ರವಾರ ನನ್ನ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಅವರು ಚಹಾ ತರಲು ಹೋದರು. ತಂಪೆಲ್ಲ ಹೊರಗೆ ಹೋಗುತ್ತಿದೆಯೆಂದು ನಾನು ಕಿಟಕಿ ಮುಚ್ಚಿದೆ. ಅವರು ಬಾಗಿಲು ತೆರೆಯುವ ಹೊತ್ತಿಗೆ, ಚಾರ್ಜು ಸಾಕೆಂದುಕೊಂಡು, ಸಹಾಯ ಮಾಡುವ ಹುರುಪಿನಲ್ಲಿ, ಸ್ವಿಚ್ ಆರಿಸಲು ಮರೆತು ಕ್ಲಿಪ್ ಎಳೆಯುತ್ತಿದ್ದೆ.

“ಬೇಡಾ!” ಚಹಾ ನೆಲಕ್ಕೆ ಬಿತ್ತು. ಅವರ ಅಂಗೈ ನನ್ನ ಮುಖವನ್ನು ಪಕ್ಕಕ್ಕೆ ನೂಕಿತು. ಢಂ! ಬ್ಯಾಟರಿಯ ಮುಚ್ಚಳ ಚಾವಣಿಗೆ ಬಡಿಯಿತು.

ನನ್ನ ತಲೆಯನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದರು. ಆಸಿಡ್ ಬಿದ್ದ ತಮ್ಮ ತೋಳನ್ನೂ ಅಲ್ಲೇ ಚಾಚಿದರು. ಎಷ್ಟು ಹೊತ್ತೋ. ಕೊನೆಗೆ, “ಕಣ್ಣು ತೆಗಿ. ಇದೆಷ್ಟು?”

“ಐದು.”

ಎತ್ತಿದ್ದು ಮೂರು ಬೆರಳು. “ಯಾ ಅಲ್ಲಾ, ಇವನ ಡಿಗ್ರಿ ಹೋಯ್ತು!” ಎಂದು ನಗತೊಡಗಿದರು. ನನ್ನ ತಲೆಯ ಮೇಲಿದ್ದ ಕೈಯನ್ನು ಮಾತ್ರ ತೆಗೆಯಲಿಲ್ಲ. ಕಣ್ಣೊರೆಸಿಕೊಂಡು ನೋಡಿದೆ: ಮೂರೂ ಬೆರಳು ಸ್ಪಷ್ಟವಾಗಿ ಕಂಡವು. ಆಮೇಲೆ ಇಬ್ಬರೂ ಒದ್ದೆ ಕೋಳಿಗಳ ಹಾಗೆ ನಿಂತು ಹುಚ್ಚರಂತೆ ನಕ್ಕೆವು.

ಆ ಢಂ ಈಗಲೂ ಕೇಳುತ್ತದೆ. ಮನೆಯಲ್ಲಿ ಮಿಕ್ಸಿಯ ಸ್ವಿಚ್ಚನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತೇನೆ. ಮುನೀರ್ ಭಾಯ್ ಅಂದಿನಿಂದ ನನಗೆ ಸಲಾಂ ಹೇಳುವುದನ್ನೇ ಬಿಟ್ಟರು, ಸಿಕ್ಕಲ್ಲೆಲ್ಲ ಬೆರಳೆತ್ತಿ “ಎಷ್ಟು?” ಎನ್ನುವರು.

ಅವರು ವೀಸಾ ಮುಗಿಸಿ ಊರಿಗೆ ಹೊರಟ ದಿನ ನಾನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಪಾಸ್‌ಪೋರ್ಟ್ ಸಾಲಿನ ತುದಿಯಿಂದ ತಿರುಗಿ ನಾಲ್ಕು ಬೆರಳು ಎತ್ತಿದರು. “ನಾಲ್ಕು!” ಎಂದು ಕೂಗಿದೆ, ಸಾಲಿನವರೆಲ್ಲ ತಿರುಗಿ ನೋಡಿದರು. ನಾನು ಕೂಗಿ ಮುಗಿಸುವಷ್ಟರಲ್ಲಿ ಅವರು ಒಂದು ಬೆರಳು ಮಡಚಿ, ನಗುತ್ತಾ ಒಳಗೆ ಹೋಗಿಬಿಟ್ಟರು.